ಅಮ್ಮನಿಗೆ ಪದೇ ಪದೇ ಇಎಸ್‌ಬಿಎಲ್ ಮೂತ್ರ ಸೋಂಕು: ಫೇಜ್ ಚಿಕಿತ್ಸೆಗೆ ಜಾರ್ಜಿಯಾಕ್ಕೆ ಹೋಗಬೇಕಾ?

ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ನಮ್ಮಮ್ಮನಿಗೆ 68 ವರ್ಷ, ಶುಗರ್ ಇದೆ. ಮೂತ್ರದ ಸೋಂಕು ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಬರುತ್ತಿದೆ. ಉರಿ, ರಾತ್ರಿಯೆಲ್ಲ ಬಾತ್‌ರೂಮಿಗೆ ಓಡಾಟ, ಒಮ್ಮೊಮ್ಮೆ ಚಳಿಜ್ವರ. ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿಸಿದಾಗಲೆಲ್ಲ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ, ಪಕ್ಕದಲ್ಲಿ ಇಎಸ್‌ಬಿಎಲ್ ಪಾಸಿಟಿವ್ (ಹಲವು ಔಷಧಿಗೆ ಬಗ್ಗದ್ದು) ಅಂತ ಇರುತ್ತದೆ. ಸಿಪ್ರೊಫ್ಲಾಕ್ಸಾಸಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಎಲ್ಲದರ ಮುಂದೂ ‘ಆರ್’, ಅಂದರೆ ಆ ಔಷಧಿ ಹಿಡಿಯುವುದಿಲ್ಲ ಅಂತ. ಹಿಂದಿನ ಸಲ ಅಡ್ಮಿಟ್ ಮಾಡಿ ಮೆರೊಪೆನೆಮ್ ಕೊಟ್ಟರು. ಹುಷಾರಾಗಿ ಮನೆಗೆ ಬಂದರು. ಈಗ ಮತ್ತೆ ಶುರುವಾಗಿದೆ.

ತಮ್ಮ ಒಂದು ವಿಡಿಯೊ ಕಳಿಸಿದ್ದಾನೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್ ಇದೆಯಂತೆ, ಅದಕ್ಕೆ ಬ್ಯಾಕ್ಟೀರಿಯೊಫೇಜ್ ಅನ್ನುತ್ತಾರಂತೆ, ಜಾರ್ಜಿಯಾ ದೇಶಕ್ಕೆ ಹೋದರೆ ಅದರಿಂದ ವಾಸಿ ಮಾಡುತ್ತಾರಂತೆ. ಎಲ್ಲರೂ ಸೇರಿ ದುಡ್ಡು ಹೊಂದಿಸೋಣ ಅಂತ ಮನೆಯಲ್ಲಿ ಮಾತು ನಡೆದಿದೆ. ಅಮ್ಮನನ್ನು ಅಷ್ಟು ದೂರ ಕರೆದುಕೊಂಡು ಹೋಗುವ ಮೊದಲು ತಿಳಿದವರನ್ನು ಕೇಳೋಣ ಅನ್ನಿಸಿತು. ಇದು ನಿಜವಾ? ಮೂತ್ರದ ಸೋಂಕಿಗೆ ಕೆಲಸ ಮಾಡುತ್ತದಾ? ಇಲ್ಲೇ ಸಿಗುವುದಿಲ್ಲವಾ?

ತುಂಗಾತೀರ

ಆಸ್ಪತ್ರೆಯ ಮೈಕ್ರೊಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಮ್ಮನಂಥವರ ಕಲ್ಚರ್ ಪ್ಲೇಟುಗಳನ್ನು ದಿನಾ ನೋಡುವವಳು. ಮೊದಲು ನಿಮ್ಮ ಮೊದಲ ಪ್ರಶ್ನೆ.

ನಿಜ. ಫೇಜ್ ಅನ್ನುವುದು ಬ್ಯಾಕ್ಟೀರಿಯಾಕ್ಕೆ ಮಾತ್ರ ತಗಲುವ ವೈರಸ್. ಮನುಷ್ಯರ ಜೀವಕೋಶದ ತಂಟೆಗೆ ಬರುವುದಿಲ್ಲ. ಬ್ಯಾಕ್ಟೀರಿಯಾದ ಹೊರಮೈಯಲ್ಲಿ ತನಗೆ ಬೇಕಾದ ಒಂದು ನಿರ್ದಿಷ್ಟ ಅಣು ಸಿಕ್ಕಿದರೆ ಅಲ್ಲಿ ಅಂಟಿಕೊಳ್ಳುತ್ತದೆ. ತನ್ನ ಡಿಎನ್‌ಎಯನ್ನು ಒಳಗೆ ತಳ್ಳುತ್ತದೆ. ಆಮೇಲೆ ಆ ಬ್ಯಾಕ್ಟೀರಿಯಾ ತನ್ನ ಕೆಲಸ ಬಿಟ್ಟು ಫೇಜ್‌ಗಳನ್ನೇ ತಯಾರಿಸತೊಡಗುತ್ತದೆ. ಇ. ಕೋಲಿಯನ್ನು ಹಿಡಿಯುವ ಕೆಲವು ಫೇಜ್‌ಗಳಿಗೆ ಇದಕ್ಕೆಲ್ಲ ಅರ್ಧ ಗಂಟೆ ಸಾಕು. ಕೊನೆಗೆ ಬ್ಯಾಕ್ಟೀರಿಯಾ ಒಡೆದು ನೂರರ ಲೆಕ್ಕದಲ್ಲಿ ಹೊಸ ಫೇಜ್ ಹೊರಬರುತ್ತವೆ.

ಇಎಸ್‌ಬಿಎಲ್ ಅಂದರೆ ಪೆನಿಸಿಲಿನ್, ಸೆಫಲೊಸ್ಪೊರಿನ್ ಜಾತಿಯ ಔಷಧಿಗಳನ್ನು ಕತ್ತರಿಸಿಹಾಕುವ ಕಿಣ್ವ. ಫೇಜ್‌ಗೆ ಅದರಿಂದ ಯಾವ ತೊಂದರೆಯೂ ಇಲ್ಲ. ರಿಪೋರ್ಟಿನಲ್ಲಿ ಎಷ್ಟು ‘ಆರ್’ ಇದ್ದರೂ ಫೇಜ್ ಕೊಲ್ಲಬಹುದು. ಜನರಿಗೆ ಆಸೆ ಹುಟ್ಟುವುದು ಇಲ್ಲೇ, ಅದರಲ್ಲಿ ತಪ್ಪೇನೂ ಇಲ್ಲ.

ತೊಡಕು ಬೇರೆ ಕಡೆ ಇದೆ. ಒಂದು ಫೇಜ್ ಎಲ್ಲ ಇ. ಕೋಲಿಯನ್ನೂ ಕೊಲ್ಲುವುದಿಲ್ಲ. ನಿಮ್ಮ ಅಮ್ಮನ ಇ. ಕೋಲಿಗೆ ಹಿಡಿಯುವ ಫೇಜ್ ನನ್ನ ಅಮ್ಮನ ಇ. ಕೋಲಿಗೆ ಹಿಡಿಯದೇ ಇರಬಹುದು. ಅದಕ್ಕೇ ಮೊದಲು ಲ್ಯಾಬಿನಲ್ಲಿ ನೋಡಬೇಕು. ಪ್ಲೇಟಿನ ತುಂಬ ರೋಗಿಯ ಬ್ಯಾಕ್ಟೀರಿಯಾ ಹರಡಿ, ಮೇಲೆ ಒಂದೊಂದು ಫೇಜ್‌ನ ಹನಿ ಬಿಟ್ಟು, ರಾತ್ರಿ ಇನ್‌ಕ್ಯುಬೇಟರಿನಲ್ಲಿ ಇಡುತ್ತಾರೆ. ಬೆಳಿಗ್ಗೆ ಹನಿ ಬಿದ್ದ ಜಾಗ ತಿಳಿಯಾಗಿದ್ದರೆ ಆ ಫೇಜ್ ಹಿಡಿಯುತ್ತದೆ ಅಂತ ಲೆಕ್ಕ. ಈ ಪರೀಕ್ಷೆ ಮಾಡದೆ ಫೇಜ್ ಕೊಡುತ್ತೇವೆ ಅನ್ನುವವರನ್ನು ನಂಬಬೇಡಿ.

ಕಾಫಿತೋಟ

ಬೆಣ್ಣೆನಗರಿ ಅಕ್ಕ, ನಿಮ್ಮ ಪ್ರಶ್ನೆ ನನ್ನದೂ ಹೌದು. ನನ್ನ ಅಣ್ಣ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ. ಕ್ಯಾಥೆಟರ್ (ಮೂತ್ರದ ಕೊಳವೆ) ಹಾಕಿಕೊಂಡೇ ಇದ್ದಾನೆ. ಅವನಿಗೆ ಬರುವುದು ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ. ತುಂಗಾತೀರ ಮೇಡಂ ಹೇಳಿದ್ದು ಕೇಳಿದರೆ ಆ್ಯಂಟಿಬಯಾಟಿಕ್ ಅಂದರೆ ಇಡೀ ತೋಟಕ್ಕೆ ಕಳೆನಾಶಕ ಹೊಡೆದ ಹಾಗೆ, ಫೇಜ್ ಅಂದರೆ ಒಂದೇ ಜಾತಿಯ ಕಳೆ ಹುಡುಕಿ ಕಿತ್ತ ಹಾಗೆ ಅನ್ನಿಸಿತು. ಇಷ್ಟು ಒಳ್ಳೆಯದಾಗಿದ್ದರೆ ನಮ್ಮ ಡಾಕ್ಟರುಗಳು ಯಾಕೆ ಕೊಡುತ್ತಿಲ್ಲ?

ತುಂಗಾತೀರ

@ಕಾಫಿತೋಟ, ಅದಕ್ಕೆ ಸ್ವಲ್ಪ ಚರಿತ್ರೆ ಹೇಳಬೇಕು.

1915ರಲ್ಲಿ ಇಂಗ್ಲೆಂಡಿನ ಫ್ರೆಡ್ರಿಕ್ ಟ್ವಾರ್ಟ್, 1917ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ಡೆರೆಲ್ ಫೇಜ್‌ಗಳನ್ನು ಗುರುತಿಸಿದರು. ರೋಗಕ್ಕೆ ಔಷಧಿಯಾಗಿ ಬಳಸಬೇಕು ಅಂತ ಹಟ ಹಿಡಿದು ಹೊರಟವರು ಡೆರೆಲ್. ಅವರ ಗೆಳೆಯ ಜಾರ್ಜ್ ಎಲಿಯಾವಾ 1923ರಲ್ಲಿ ಜಾರ್ಜಿಯಾದ ಟಿಬಿಲಿಸಿಯಲ್ಲಿ ಸಂಸ್ಥೆ ಕಟ್ಟಿದರು. ನಿಮ್ಮ ವಿಡಿಯೊದಲ್ಲಿರುವುದು ಬಹುಶಃ ಅದೇ. 1937ರಲ್ಲಿ ಸ್ಟಾಲಿನ್ ಕಾಲದ ದಮನದಲ್ಲಿ ಎಲಿಯಾವಾ ಅವರನ್ನು ಕೊಂದರು. ಆದರೂ ಸಂಸ್ಥೆ ಉಳಿಯಿತು. ಪೆನಿಸಿಲಿನ್ ಬಂದ ಮೇಲೆ ಅಮೆರಿಕ, ಪಶ್ಚಿಮ ಯುರೋಪ್ ಫೇಜ್ ಬಿಟ್ಟವು. ಸೋವಿಯತ್ ಕಡೆ ಮಾತ್ರ ಬಳಕೆ ನಿಲ್ಲಲಿಲ್ಲ. ಅಲ್ಲಿ ಅನುಭವ ಬೆಳೆಯಿತು, ಆದರೆ ಈಗಿನ ವೈದ್ಯಲೋಕ ಒಪ್ಪುವಂಥ ಪರೀಕ್ಷೆಗಳು ನಡೆದದ್ದು ಕಡಿಮೆ. ಇವತ್ತಿಗೂ ನಮ್ಮ ದೇಶದಲ್ಲಾಗಲಿ ಅಮೆರಿಕದಲ್ಲಾಗಲಿ ಮನುಷ್ಯರ ಸೋಂಕಿಗೆ ಮಾರಾಟದ ಒಪ್ಪಿಗೆ ಪಡೆದ ಫೇಜ್ ಔಷಧಿ ಇಲ್ಲ. ಡಾಕ್ಟರು ಚೀಟಿಯಲ್ಲಿ ಬರೆದುಕೊಡುವ ಹಾಗಿಲ್ಲ, ಅಷ್ಟೇ ಕಾರಣ.

ಹುಬ್ಬಳ್ಳಿ_ಯುರಾಲಜಿ

ನಾನು ಯುರಾಲಜಿಸ್ಟ್. ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ.

ಮೂತ್ರದ ಸೋಂಕಿಗೆ ಫೇಜ್ ಕೊಟ್ಟು ಸರಿಯಾಗಿ ಹೋಲಿಸಿ ನೋಡಿದ ಒಂದು ಮುಖ್ಯ ಪರೀಕ್ಷೆ ಇದೆ. ನಡೆದದ್ದು ಟಿಬಿಲಿಸಿಯಲ್ಲೇ, ಅಲ್ಲಿನ ಟ್ಸುಲುಕಿಡ್ಜೆ ಯುರಾಲಜಿ ಕೇಂದ್ರದಲ್ಲಿ. ಸ್ವಿಟ್ಜರ್ಲೆಂಡಿನ ಜೂರಿಕ್ ವೈದ್ಯರೂ ಜೊತೆಗಿದ್ದರು. ಪ್ರಾಸ್ಟೇಟ್ ಆಪರೇಶನ್ ಆಗಬೇಕಿದ್ದ, ಮೂತ್ರ ಸೋಂಕಿದ್ದ ಗಂಡಸರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಪಯೋ ಅನ್ನುವ ಫೇಜ್ ಮಿಶ್ರಣ. ಇನ್ನೊಂದಕ್ಕೆ ಫೇಜ್ ಇಲ್ಲದ ಬರೀ ದ್ರಾವಣ. ಎರಡನ್ನೂ ದಿನಕ್ಕೆ ಎರಡು ಸಲ 20 ಮಿಲಿಲೀಟರಿನಂತೆ ಏಳು ದಿನ ನೇರ ಮೂತ್ರಕೋಶಕ್ಕೇ ಬಿಟ್ಟರು. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಮೂರನೇ ಗುಂಪಿಗೆ ಕಲ್ಚರ್ ನೋಡಿ ಆ್ಯಂಟಿಬಯಾಟಿಕ್.

ಫಲಿತಾಂಶ ಕೇಳಿ. ಮೂತ್ರ ಶುದ್ಧವಾದದ್ದು ಫೇಜ್ ಗುಂಪಿನಲ್ಲಿ 28 ಜನರಲ್ಲಿ 5 ಮಂದಿಗೆ. ಬರೀ ದ್ರಾವಣದಲ್ಲಿ 32ರಲ್ಲಿ 9. ಆ್ಯಂಟಿಬಯಾಟಿಕ್‌ನಲ್ಲಿ 37ರಲ್ಲಿ 13. ಅಂದರೆ ಶೇ 18, ಶೇ 28, ಶೇ 35. ಬರೀ ದ್ರಾವಣಕ್ಕಿಂತ ಫೇಜ್ ಮೇಲು ಅಂತ ತೋರಿಸಲು ಆಗಲಿಲ್ಲ.

ಒಂದು ಸಮಾಧಾನ ಅಂದರೆ ಸುರಕ್ಷತೆ. ಅಡ್ಡಪರಿಣಾಮ ಫೇಜ್ ಗುಂಪಿನಲ್ಲಿ ಶೇ 21 ಜನರಿಗೆ, ದ್ರಾವಣದ ಗುಂಪಿನಲ್ಲಿ ಶೇ 41 ಜನರಿಗೆ. ಫೇಜ್‌ನಿಂದ ಅಪಾಯವಾದ ಹಾಗೆ ಕಾಣಲಿಲ್ಲ. ಆದರೆ ಅಪಾಯ ಇಲ್ಲ ಅನ್ನುವುದು ಬೇರೆ, ಗುಣ ಇದೆ ಅನ್ನುವುದು ಬೇರೆ. ಬೆಣ್ಣೆನಗರಿಯವರೇ, ಯಾವ ಊರಿಗೆ ಹೋಗಲು ದುಡ್ಡು ಹೊಂದಿಸುತ್ತಿದ್ದೀರೋ ಅದೇ ಊರಿನಲ್ಲಿ ನಡೆದ ಪರೀಕ್ಷೆ ಇದು. ಮನೆಯವರಿಗೆಲ್ಲ ಈ ಅಂಕಿಗಳನ್ನು ಓದಿ ಹೇಳಿ.

ಮರಳಿಬಂದೆ

ಡಾಕ್ಟ್ರೇ, ನಾನು ಟಿಬಿಲಿಸಿಗೆ ಹೋಗಿಬಂದವನು. ನನಗಿದ್ದದ್ದು ಪ್ರಾಸ್ಟೇಟ್ ಸೋಂಕು, ವರ್ಷಗಟ್ಟಲೆ ಕಾಡಿದ್ದು. ಮೊದಲು ಸ್ಯಾಂಪಲ್ ಕೊಟ್ಟು, ಯಾವ ಫೇಜ್ ಹಿಡಿಯುತ್ತದೆ ಅಂತ ಅವರು ನೋಡಿದ ಮೇಲೆಯೇ ಚಿಕಿತ್ಸೆ ಶುರುವಾಯಿತು. ಕುಡಿಯುವ ಸಣ್ಣ ಬಾಟಲಿಗಳನ್ನು ಕೊಟ್ಟರು, ಊರಿಗೆ ಬಂದ ಮೇಲೂ ಫ್ರಿಜ್ಜಿನಲ್ಲಿಟ್ಟು ಮುಂದುವರಿಸಿದೆ. ಈಗ ಎಷ್ಟೋ ಪಾಲು ಹುಷಾರಾಗಿದ್ದೇನೆ. ಕುಳಿತುಕೊಳ್ಳಲು ಆಗದೆ ಒದ್ದಾಡುತ್ತಿದ್ದವನು ಈಗ ಕೆಲಸಕ್ಕೆ ಹೋಗುತ್ತಿದ್ದೇನೆ. ಅಂಕಿಗಳ ಮುಂದೆ ನನ್ನಂಥವರ ಅನುಭವಕ್ಕೆ ಬೆಲೆಯೇ ಇಲ್ಲವಾ?

ಹುಬ್ಬಳ್ಳಿ_ಯುರಾಲಜಿ

@ಮರಳಿಬಂದೆ, ಖಂಡಿತ ಬೆಲೆ ಇದೆ. ನೀವು ಹುಷಾರಾದದ್ದು ಕೇಳಿ ನಿಜಕ್ಕೂ ಸಂತೋಷವಾಯಿತು. ನಿಮಗೆ ಒಂದು ವಿಷಯ ಅನುಕೂಲವಾಗಿತ್ತು. ನಿಮ್ಮದೇ ಬ್ಯಾಕ್ಟೀರಿಯಾ ಮೇಲೆ ನೋಡಿ ಫೇಜ್ ಆರಿಸಿದ್ದರು. ಆ ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಮಿಶ್ರಣ. ಅದಕ್ಕೂ ಮೊದಲು ಅದೇ ತಂಡ 118 ರೋಗಿಗಳ ಬ್ಯಾಕ್ಟೀರಿಯಾ ಮೇಲೆ ನೋಡಿದಾಗ ಪಯೋ ಮಿಶ್ರಣ ಶೇ 41ಕ್ಕೆ ಮಾತ್ರ ಹಿಡಿದಿತ್ತು. ಫೇಜ್‌ಗಳನ್ನು ಆ ಬ್ಯಾಕ್ಟೀರಿಯಾಗಳ ಜೊತೆಗೇ ಮತ್ತೆ ಮತ್ತೆ ಬೆಳೆಸಿ ಪಳಗಿಸಿದ ಮೇಲೆ ಅದು ಶೇ 75ಕ್ಕೆ ಏರಿತು. ಹೊಂದಿಸುವುದರಲ್ಲೇ ಅರ್ಧ ಕೆಲಸ ಇದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಆದರೆ ಒಬ್ಬ ರೋಗಿ ಹುಷಾರಾದಾಗ ಫೇಜ್‌ನಿಂದ ಆದದ್ದಾ, ಜೊತೆಗೆ ತೆಗೆದುಕೊಂಡ ಬೇರೆ ಔಷಧಿಯಿಂದಲಾ, ತಾನಾಗಿಯೇ ಕಡಿಮೆಯಾದದ್ದಾ ಅಂತ ಬೇರ್ಪಡಿಸಲು ಆಗುವುದಿಲ್ಲ. ಬರೀ ದ್ರಾವಣ ಬಿಟ್ಟವರಲ್ಲೂ 9 ಜನ ಸರಿಹೋದರು ನೋಡಿ.

ದೂರದೂರು

ನಾನು ಬೆಲ್ಜಿಯಂನಲ್ಲಿ ಆಸ್ಪತ್ರೆ ಫಾರ್ಮಸಿಯಲ್ಲಿದ್ದೇನೆ, ಮೂಲ ಹಾಸನದ ಕಡೆ. ಇಲ್ಲಿನ ವಿಷಯ ಹೇಳಲೇಬೇಕು. ಡಾಕ್ಟರ್ ಹೇಳಿದ ಪರೀಕ್ಷೆ ನಿಜ, ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ.

ಇಲ್ಲಿ ಫೇಜ್ ಅನ್ನು ಕಂಪನಿ ಔಷಧಿಯ ಹಾಗೆ ನೋಡುವುದಿಲ್ಲ. ಡಾಕ್ಟರ್ ಬರೆದುಕೊಟ್ಟ ಚೀಟಿಯಂತೆ ಫಾರ್ಮಸಿಸ್ಟ್ ಒಬ್ಬ ರೋಗಿಗೆಂದೇ ತಯಾರಿಸಿ ಕೊಡಬಹುದು. ಬ್ರಸೆಲ್ಸ್‌ನ ಕ್ವೀನ್ ಆಸ್ಟ್ರಿಡ್ ಮಿಲಿಟರಿ ಆಸ್ಪತ್ರೆ ಈ ಕೆಲಸದ ಕೇಂದ್ರ. ಅವರು ಸಂಯೋಜಿಸಿದ 100 ರೋಗಿಗಳ ವಿವರ 2024ರಲ್ಲಿ ಪ್ರಕಟವಾಯಿತು. 12 ದೇಶ, 35 ಆಸ್ಪತ್ರೆ. ಚೆನ್ನಾಗಿ ಆದವರನ್ನು ಮಾತ್ರ ಆರಿಸಲಿಲ್ಲ, ಸಾಲಾಗಿ ಬಂದ ನೂರು ಜನರನ್ನೂ ಸೇರಿಸಿದರು. ಅದಕ್ಕೇ ನನಗೆ ಆ ವರದಿಯ ಮೇಲೆ ಗೌರವ. ಶೇ 77 ಜನರಲ್ಲಿ ಸುಧಾರಣೆ ಕಂಡಿತು, ಶೇ 61 ಜನರಲ್ಲಿ ಆ ಬ್ಯಾಕ್ಟೀರಿಯಾ ಪೂರ್ತಿ ಹೋಯಿತು. ಜೊತೆಗೆ ಆ್ಯಂಟಿಬಯಾಟಿಕ್ ಕೊಡದಿದ್ದಾಗ ಬ್ಯಾಕ್ಟೀರಿಯಾ ಪೂರ್ತಿ ಹೋಗುವ ಸಾಧ್ಯತೆ ಶೇ 70ರಷ್ಟು ಕಡಿಮೆ ಇತ್ತು.

ಆ ಕೊನೆಯ ಮಾತು ಬಹಳ ಮುಖ್ಯ. ಶಾಂಘೈನಲ್ಲಿ 63 ವರ್ಷದ ಒಬ್ಬ ಹೆಂಗಸಿಗೆ ಪದೇ ಪದೇ ಕ್ಲೆಬ್ಸಿಯೆಲ್ಲಾ ಮೂತ್ರ ಸೋಂಕು. ಹೆಚ್ಚು ಕಡಿಮೆ ಯಾವ ಔಷಧಿಗೂ ಬಗ್ಗದ್ದು. ಬರೀ ಫೇಜ್ ಕೊಟ್ಟರು, ನಿಲ್ಲಲಿಲ್ಲ, ಬ್ಯಾಕ್ಟೀರಿಯಾ ಫೇಜ್‌ಗೂ ಒಗ್ಗಿಕೊಂಡಿತು. ಆಮೇಲೆ ಫೇಜ್ ಜೊತೆ ಸಲ್ಫಮೆಥಾಕ್ಸಜೋಲ್-ಟ್ರೈಮೆಥೊಪ್ರಿಮ್ ಮಾತ್ರೆ ಸೇರಿಸಿದರು. ರಿಪೋರ್ಟಿನ ಪ್ರಕಾರ ಆ ಮಾತ್ರೆಗೂ ಬ್ಯಾಕ್ಟೀರಿಯಾ ‘ಆರ್’ ಆಗಿತ್ತು! ಆದರೂ ಎರಡೂ ಸೇರಿದಾಗ ಸೋಂಕು ಹೋಯಿತು. 2020ರಲ್ಲಿ ಬಂದ ವರದಿ ಇದು. ಒಬ್ಬರ ಕಥೆಯೇ, ಆದರೂ @ಕಾಫಿತೋಟ ಅವರ ಅಣ್ಣನ ಡಾಕ್ಟರಿಗೆ ಗೊತ್ತಿದ್ದರೆ ಒಳ್ಳೆಯದು.

ನದಿದಡ

ಗಂಗಾಜಲದಲ್ಲಿ ಫೇಜ್ ಇದೆ ಅಂತ ಓದಿದ್ದೆ. ನಮ್ಮ ಮನೆಯಲ್ಲಿ ಕಾಶಿಯಿಂದ ತಂದ ತಂಬಿಗೆ ಇದೆ. ಅದನ್ನೇ ದಿನಾ ಸ್ವಲ್ಪ ಕುಡಿದರೆ ಆಗುವುದಿಲ್ಲವಾ?

ತುಂಗಾತೀರ

@ನದಿದಡ, ದಯವಿಟ್ಟು ಬೇಡ.

ನೀವು ಓದಿದ್ದರಲ್ಲಿ ಸತ್ಯ ಇದೆ. 1896ರಲ್ಲಿ ಅರ್ನೆಸ್ಟ್ ಹ್ಯಾಂಕಿನ್ ಎಂಬ ಬ್ರಿಟಿಷ್ ವಿಜ್ಞಾನಿ ಗಂಗಾ, ಯಮುನಾ ನೀರಿನಲ್ಲಿ ಕಾಲರಾ ರೋಗಾಣು ಸಾಯುವುದನ್ನು ಕಂಡು ಬರೆದರು. ನೀರು ಕುದಿಸಿದರೆ ಆ ಗುಣ ಹೋಗುತ್ತಿತ್ತು. ಅದು ಫೇಜ್‌ಗಳ ಕೆಲಸ ಇರಬೇಕು ಅಂತ ಆಮೇಲಿನವರು ಊಹಿಸಿದರು. ಡೆರೆಲ್ 1927ರಲ್ಲಿ ನಮ್ಮ ದೇಶಕ್ಕೇ ಬಂದು ಕಾಲರಾ ರೋಗಿಗಳ ಮೇಲೆ ಫೇಜ್ ಪ್ರಯೋಗ ಮಾಡಿದರು.

ಫೇಜ್ ಯಾವ ನದಿಯಲ್ಲೂ, ಯಾವ ಚರಂಡಿಯಲ್ಲೂ ಇರುತ್ತದೆ. ಹೊಸ ಫೇಜ್ ಬೇಕಾದಾಗ ಲ್ಯಾಬಿನವರು ಹೋಗುವುದೇ ಆಸ್ಪತ್ರೆಯ ಕೊಳಚೆ ನೀರಿನ ಹತ್ತಿರ, ಯಾಕೆಂದರೆ ರೋಗಾಣು ಎಲ್ಲಿ ಜಾಸ್ತಿಯೋ ಫೇಜ್ ಅಲ್ಲಿ ಜಾಸ್ತಿ. ಆದರೆ ಆ ನೀರಿನಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೂ ತುಂಬಿರುತ್ತವೆ. ಇನ್ನೂ ಒಂದು ಜಾತಿಯ ಫೇಜ್‌ಗಳಿವೆ. ಅವು ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅದರ ಡಿಎನ್‌ಎ ಒಳಗೇ ಸೇರಿಕೊಂಡು ಕೂರುತ್ತವೆ. ಕೆಲವು ಸಲ ವಿಷ ತಯಾರಿಸುವ ಜೀನ್‌ಗಳನ್ನು ಹೊತ್ತು ತರುತ್ತವೆ. ಚಿಕಿತ್ಸೆಗೆ ಅಂಥವು ಬೇಡ. ಔಷಧಿಯಾಗಬೇಕಾದರೆ ಫೇಜ್‌ನ ಜೀನುಗಳನ್ನು ಪೂರ್ತಿ ಓದಿ, ಒಡೆದ ಬ್ಯಾಕ್ಟೀರಿಯಾದಿಂದ ಬಂದ ಎಂಡೊಟಾಕ್ಸಿನ್ ಅನ್ನುವ ವಿಷ ತೆಗೆದು, ಪರಿಶುದ್ಧ ಮಾಡಬೇಕು. ಆ ಎಂಡೊಟಾಕ್ಸಿನ್ ರಕ್ತಕ್ಕೆ ಸೇರಿದರೆ ಜ್ವರ ಬಂದು ಬಿಪಿ ಬೀಳುತ್ತದೆ.

ಪಿಯು_ಜೀವಶಾಸ್ತ್ರ

ನಾನು ಪಿಯುಸಿಗೆ ಬಯಾಲಜಿ ಹೇಳಿಕೊಡುತ್ತೇನೆ. ದೂರದೂರು ಸರ್ ಹೇಳಿದ ಹಾಗೆ ಬ್ಯಾಕ್ಟೀರಿಯಾ ಫೇಜ್‌ಗೂ ಒಗ್ಗಿಕೊಂಡರೆ ಮತ್ತೆ ಅದೇ ಸಮಸ್ಯೆ ಅಲ್ವಾ? ಮಕ್ಕಳು ಇದನ್ನೇ ಕೇಳುತ್ತಾರೆ.

ದೂರದೂರು

ಒಳ್ಳೆಯ ಪ್ರಶ್ನೆ. ಹೌದು, ಒಗ್ಗಿಕೊಳ್ಳುತ್ತವೆ, ಅದೂ ಬೇಗ. ಫೇಜ್ ಅಂಟುವ ಅಣುವನ್ನೇ ಬದಲಿಸಿದರೆ ಅಥವಾ ಕೈಬಿಟ್ಟರೆ ಫೇಜ್‌ಗೆ ಹಿಡಿತ ಸಿಗುವುದಿಲ್ಲ. ಅದಕ್ಕೇ ಬೇರೆ ಬೇರೆ ಅಣುಗಳಿಗೆ ಅಂಟುವ ಹಲವು ಫೇಜ್‌ಗಳನ್ನು ಒಟ್ಟಿಗೆ ಕೊಡುತ್ತಾರೆ.

ಆದರೆ ಬ್ಯಾಕ್ಟೀರಿಯಾಕ್ಕೆ ಇದು ಪುಕ್ಕಟೆ ಅಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪಾಲ್ ಟರ್ನರ್, ಬೆಂಜಮಿನ್ ಚಾನ್ ತಂಡ ಒಎಂಕೆಒ1 ಎಂಬ ಫೇಜ್ ಕಂಡುಹಿಡಿಯಿತು. ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ತನ್ನೊಳಗೆ ಬಂದ ಆ್ಯಂಟಿಬಯಾಟಿಕ್ ಅನ್ನು ಹೊರಗೆ ಪಂಪ್ ಮಾಡುತ್ತದೆ. ಈ ಫೇಜ್ ಅಂಟುವುದು ಆ ಪಂಪಿಗೇ. ಫೇಜ್‌ನಿಂದ ತಪ್ಪಿಸಿಕೊಳ್ಳಲು ಪಂಪ್ ಬದಲಿಸಿದರೆ ಆ್ಯಂಟಿಬಯಾಟಿಕ್ ಮತ್ತೆ ಹಿಡಿಯುತ್ತದೆ. ಫೇಜ್ ಮತ್ತು ಆ್ಯಂಟಿಬಯಾಟಿಕ್ ಎರಡನ್ನೂ ಕೊಡಬೇಕು ಅನ್ನುವುದಕ್ಕೆ ನನಗೆ ಕಾಣುವ ಅತ್ಯಂತ ಗಟ್ಟಿ ಕಾರಣ ಇದು. ಮಕ್ಕಳಿಗೆ ಖಂಡಿತ ಹೇಳಿ.

ಮೂತ್ರಕೋಶದಲ್ಲಿ ಇನ್ನೊಂದು ಕಷ್ಟ ಇದೆ. ಇ. ಕೋಲಿ ಕೆಲವು ಸಲ ಮೂತ್ರಕೋಶದ ಒಳಪದರದ ಜೀವಕೋಶಗಳ ಒಳಗೇ ನುಗ್ಗಿ ಗುಂಪಾಗಿ ಅಡಗಿಕೊಳ್ಳುತ್ತದೆ. ಅಲ್ಲಿಗೆ ಫೇಜ್ ತಲುಪುವುದು ಕಷ್ಟ. ಮೂತ್ರಕ್ಕೆ ಹೋದಾಗಲೆಲ್ಲ ಬಿಟ್ಟ ಫೇಜ್ ಹೊರಗೆ ಹೋಗುತ್ತದೆ.

ಮೆಡಿಕಲ್_ಸ್ಟೋರ್_ಮೈಸೂರು

ಅಂಗಡಿಯವನ ಮಾತೂ ಇರಲಿ. ಉರಿಮೂತ್ರ ಅಂತ ಬಂದು ಎರಡೇ ಮಾತ್ರೆ ಕೊಡಿ ಅನ್ನುವವರು ದಿನಾ ಇದ್ದಾರೆ. ಸೆಫಿಕ್ಸಿಮ್ ಥರದ್ದು 2014ರಿಂದ ಎಚ್1 ಪಟ್ಟಿಯಲ್ಲಿದೆ. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ, ರಿಜಿಸ್ಟರಿನಲ್ಲಿ ಹೆಸರು ಬರೆದು ಮೂರು ವರ್ಷ ಇಡಬೇಕು. ನಾನು ಕೊಡುವುದಿಲ್ಲ ಅಂದರೆ ಮುಂದಿನ ಅಂಗಡಿಗೆ ಹೋಗುತ್ತಾರೆ. ಜನ ಬೈದರೂ ಪರವಾಗಿಲ್ಲ, ಈ ಒಂದು ವಿಷಯದಲ್ಲಿ ಎಲ್ಲ ಅಂಗಡಿಯವರೂ ಗಟ್ಟಿಯಾಗಿ ನಿಲ್ಲಬೇಕು.

ತುಂಗಾತೀರ

ನಿಮ್ಮಂಥವರು ಹೆಚ್ಚಲಿ ಸರ್. 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಸಾವಿಗೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣ ಅಂತ ಅಂದಾಜು. ಆ ಬ್ಯಾಕ್ಟೀರಿಯಾಗಳಲ್ಲಿ ಮೊದಲ ಸ್ಥಾನ ಇ. ಕೋಲಿಯದೇ.

ಬೆಣ್ಣೆನಗರಿ

ಎಲ್ಲರ ಉತ್ತರವನ್ನೂ ತಮ್ಮನಿಗೆ ಓದಿ ಹೇಳಿದೆ. ಅವನ ಪ್ರಶ್ನೆ: ಕ್ರಿಸ್ಪರ್ (ಡಿಎನ್ಎ ಕತ್ತರಿಸುವ ತಂತ್ರ) ಸೇರಿಸಿದ ಹೊಸ ಫೇಜ್ ಬಂದಿದೆಯಂತೆ, ಇ. ಕೋಲಿ ಮೂತ್ರ ಸೋಂಕಿಗೆ ಅಂತಲೇ ಮಾಡಿದ್ದಂತೆ. ಅದರಲ್ಲಿ ಎಲ್ಲರೂ ಹುಷಾರಾದರಂತೆ. ಹೌದಾ?

ದೂರದೂರು

ಅದು ಅಮೆರಿಕದ ಲೋಕಸ್ ಬಯೊಸೈನ್ಸಸ್ ಕಂಪನಿಯ ಎಲ್‌ಬಿಪಿ-ಇಸಿ01. ಆರು ಫೇಜ್‌ಗಳ ಮಿಶ್ರಣ. ಕ್ರಿಸ್ಪರ್-ಕ್ಯಾಸ್3 ಅನ್ನುವ ವ್ಯವಸ್ಥೆ ಸೇರಿಸಿದ್ದಾರೆ, ಅದು ಇ. ಕೋಲಿಯ ಡಿಎನ್‌ಎಯನ್ನೇ ಚೂರು ಮಾಡುತ್ತದೆ. ಎಲಿಮಿನೇಟ್ ಎಂಬ ಪರೀಕ್ಷೆಯ ಮೊದಲ ಭಾಗ 2024ರಲ್ಲಿ ಪ್ರಕಟವಾಯಿತು. 39 ರೋಗಿಗಳು, ಎಲ್ಲ ಹೆಂಗಸರು. ಆರಿಸಿಕೊಂಡ ಕ್ರಮ ಹೀಗಿತ್ತು: ಎರಡು ದಿನ ಮೂತ್ರನಾಳದ ಮೂಲಕ ಮೂತ್ರಕೋಶಕ್ಕೆ, ಮೂರು ದಿನ ರಕ್ತನಾಳಕ್ಕೆ, ಜೊತೆಗೆ ಮೂರು ದಿನ ಸಲ್ಫಮೆಥಾಕ್ಸಜೋಲ್-ಟ್ರೈಮೆಥೊಪ್ರಿಮ್ ಮಾತ್ರೆ. ಮೊದಲ ಡೋಸ್ ಆಗಿ ನಾಲ್ಕು ಗಂಟೆಯಲ್ಲೇ ಮೂತ್ರದಲ್ಲಿ ಇ. ಕೋಲಿ ಬಹಳ ಇಳಿದಿತ್ತು. ಲೆಕ್ಕಕ್ಕೆ ತೆಗೆದುಕೊಂಡ 16 ಜನಕ್ಕೂ ಹತ್ತನೇ ದಿನಕ್ಕೆ ಉರಿ, ನೋವು ಎಲ್ಲ ಹೋಗಿತ್ತು.

ನಿಮ್ಮ ತಮ್ಮ ಹೇಳಿದ್ದು ಸುಳ್ಳಲ್ಲ. ಆದರೆ ಈ ಭಾಗದಲ್ಲಿ ಹೋಲಿಸಲು ಫೇಜ್ ಇಲ್ಲದ ಗುಂಪು ಇರಲಿಲ್ಲ. ಡೋಸ್ ಎಷ್ಟು, ಹೇಗೆ ಕೊಡಬೇಕು ಅಂತ ಕಂಡುಕೊಳ್ಳುವುದೇ ಉದ್ದೇಶ. ಮಾತ್ರೆಯಿಂದ ಎಷ್ಟು, ಫೇಜ್‌ನಿಂದ ಎಷ್ಟು ಅನ್ನುವುದು ಅದರಿಂದ ತಿಳಿಯುವುದಿಲ್ಲ. ಹೋಲಿಕೆ ಇರುವುದು ಎರಡನೇ ಭಾಗದಲ್ಲಿ. ನನಗೆ ಈ ದಾರಿಯ ಮೇಲೆ ತುಂಬ ಭರವಸೆ ಇದೆ. ಟಿಬಿಲಿಸಿಯ ಸಿದ್ಧ ಮಿಶ್ರಣಕ್ಕಿಂತ ಇದು ಬಹಳ ಯೋಚಿಸಿ ಕಟ್ಟಿದ್ದು.

ಹುಬ್ಬಳ್ಳಿ_ಯುರಾಲಜಿ

ಭರವಸೆ ನನಗೂ ಇದೆ. ಆದರೆ ಅಮ್ಮನ ಉರಿ ಇವತ್ತಿನದು. ಬೆಣ್ಣೆನಗರಿಯವರೇ, ಕೆಲವು ಪ್ರಶ್ನೆ. ಪ್ರತಿ ಸಲವೂ ಕಷ್ಟ ಇದ್ದಾಗಲೇ ಕಲ್ಚರ್ ಮಾಡಿಸಿದ್ದಾ, ಇಲ್ಲ ಸುಮ್ನೆ ಚೆಕಪ್‌ಗೆ ಅಂತಲಾ? ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿಯುತ್ತದೆ ಅಂತ ಸ್ಕ್ಯಾನ್ ಆಗಿದೆಯಾ? ಶುಗರ್‌ಗೆ ಯಾವ ಮಾತ್ರೆ?

ಬೆಣ್ಣೆನಗರಿ

ಕೆಲವು ಸಲ ಏನೂ ತೊಂದರೆ ಇಲ್ಲದಿದ್ದರೂ ಮಾಡಿಸಿದ್ದೇವೆ, ರಿಪೋರ್ಟ್ ಪಾಸಿಟಿವ್ ಬಂತು ಅಂತ ಮಾತ್ರೆ ಕೊಟ್ಟರು. ಸ್ಕ್ಯಾನಿನಲ್ಲಿ ಕಲ್ಲಿಲ್ಲ ಅಂದಿದ್ದರು, ಉಳಿಕೆ ಮೂತ್ರ ನೋಡಿದ ನೆನಪಿಲ್ಲ. ಶುಗರ್‌ಗೆ ಮೆಟ್‌ಫಾರ್ಮಿನ್, ಜೊತೆಗೆ ಡಾಪಾಗ್ಲಿಫ್ಲೋಜಿನ್.

ಹುಬ್ಬಳ್ಳಿ_ಯುರಾಲಜಿ

ಇಲ್ಲಿ ಮಾಡಬೇಕಾದ ಕೆಲಸ ಇನ್ನೂ ಬಹಳ ಉಳಿದಿದೆ. ವಿಮಾನದ ಮಾತು ಆಮೇಲೆ.

ವಯಸ್ಸಾದ, ಶುಗರ್ ಇರುವ ಹೆಂಗಸರಲ್ಲಿ ಯಾವ ಕಷ್ಟವೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಉರಿ, ಜ್ವರ, ನೋವು ಇಲ್ಲದಿದ್ದರೆ ಅದಕ್ಕೆ ಆ್ಯಂಟಿಬಯಾಟಿಕ್ ಕೊಡಬಾರದು. ಬಸುರಿಯರು, ಮೂತ್ರನಾಳದ ಆಪರೇಶನ್‌ಗೆ ಹೋಗುವವರು ಇದಕ್ಕೆ ಹೊರತು. ರಿಪೋರ್ಟಿಗೆ ಚಿಕಿತ್ಸೆ ಕೊಟ್ಟಾಗಲೆಲ್ಲ ಮುಂದಿನ ಸಲದ ಬ್ಯಾಕ್ಟೀರಿಯಾ ಇನ್ನಷ್ಟು ಗಟ್ಟಿಯಾಗುತ್ತದೆ. ನನಗೆ ನಿಜಕ್ಕೂ ಬೇಸರ ತರುವ ವಿಷಯ ಇದು.

ಮುಟ್ಟು ನಿಂತ ಮೇಲೆ ಯೋನಿಯಲ್ಲಿ ಲ್ಯಾಕ್ಟೊಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿ ಇ. ಕೋಲಿಗೆ ಜಾಗ ಸಿಗುತ್ತದೆ. ಅಲ್ಲಿಗೆ ಹಚ್ಚುವ ಈಸ್ಟ್ರೊಜನ್ ಕ್ರೀಮಿನಿಂದ ಸೋಂಕು ಮರುಕಳಿಸುವುದು ಕಡಿಮೆಯಾಗುತ್ತದೆ. ಸ್ತನದ ಕ್ಯಾನ್ಸರ್ ಆಗಿದ್ದರೆ ಮಾತ್ರ ಮೊದಲು ಆ ಡಾಕ್ಟರನ್ನು ಕೇಳಿ. ನಮ್ಮ ಕಡೆ ಈ ವಿಷಯ ಮಾತಾಡಲು ತಾಯಂದಿರಿಗೆ ಸಂಕೋಚ, ಕೆಲವು ಡಾಕ್ಟರಿಗೂ ಸಂಕೋಚ. ನೀವು ಮಗಳು, ನೀವೇ ಕೇಳಿ.

ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಗುಪ್ತಾಂಗದಲ್ಲಿ ಫಂಗಸ್ ಸೋಂಕು ಜಾಸ್ತಿಯಾಗುತ್ತದೆ. ಅದರ ಉರಿಯನ್ನೇ ಮೂತ್ರದ ಸೋಂಕು ಅಂದುಕೊಳ್ಳುವುದೂ ಇದೆ. ನೀವಾಗಿ ನಿಲ್ಲಿಸಬೇಡಿ, ಶುಗರ್ ಡಾಕ್ಟರಿಗೆ ಹೇಳಿ.

ಮತ್ತೆ ಮತ್ತೆ ಬರುವುದನ್ನು ತಡೆಯಲು ಮೆಥೆನಮೈನ್ ಹಿಪ್ಪುರೇಟ್ ಇದೆ. ಆ್ಯಂಟಿಬಯಾಟಿಕ್ ಅಲ್ಲ. ಬ್ರಿಟನ್ನಿನಲ್ಲಿ 240 ಹೆಂಗಸರ ಮೇಲೆ ನಡೆದ ಆಲ್ಟಾರ್ ಪರೀಕ್ಷೆ 2022ರಲ್ಲಿ ಬಂತು. ದಿನಾ ಸಣ್ಣ ಡೋಸ್ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುವುದಕ್ಕೆ ಇದು ಹೆಚ್ಚು ಕಡಿಮೆ ಸಮ ಅಂತ ತೋರಿಸಿದರು.

ಸೋಂಕು ನಿಜವಾಗಿ ಬಂದಾಗ ರಿಪೋರ್ಟಿನಲ್ಲಿ ಫಾಸ್ಫೊಮೈಸಿನ್, ನೈಟ್ರೊಫ್ಯುರಂಟೊಯಿನ್ ಮುಂದೆ ಏನಿದೆ ನೋಡಿ. ಬಹಳಷ್ಟು ಇಎಸ್‌ಬಿಎಲ್ ಇ. ಕೋಲಿಗೆ ಇವು ಇನ್ನೂ ಹಿಡಿಯುತ್ತವೆ. ನೈಟ್ರೊಫ್ಯುರಂಟೊಯಿನ್‌ಗೆ ಕಿಡ್ನಿ ಚೆನ್ನಾಗಿರಬೇಕು, ಜ್ವರ ಬಂದು ಸೋಂಕು ಕಿಡ್ನಿಗೆ ಏರಿದ್ದರೆ ಇವೆರಡೂ ಸಾಲುವುದಿಲ್ಲ. ತೀವ್ರವಾದರೆ ಹೊಸ ಔಷಧಿಗಳೂ ಬಂದಿವೆ. ಚೆನ್ನೈನ ಆರ್ಕಿಡ್ ಕಂಪನಿ ಕಂಡುಹಿಡಿದ ಎನ್‌ಮೆಟಾಜೊಬ್ಯಾಕ್ಟಮ್ ಅನ್ನು ಸೆಫೆಪಿಮ್ ಜೊತೆ ಸೇರಿಸಿದ ಇಂಜೆಕ್ಷನ್‌ಗೆ ಜಟಿಲ ಮೂತ್ರ ಸೋಂಕಿಗಾಗಿಯೇ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹೆಮ್ಮೆ ಪಡುವ ವಿಷಯ.

@ಕಾಫಿತೋಟ, ಕ್ಯಾಥೆಟರ್ ಇದ್ದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಜ್ವರ, ನಡುಕ ಬಂದಾಗ ಮಾತ್ರ ಚಿಕಿತ್ಸೆ. ಹಳೆಯ ಕ್ಯಾಥೆಟರಿನ ಒಳಗೋಡೆಗೆ ಬ್ಯಾಕ್ಟೀರಿಯಾ ಪದರ ಕಟ್ಟಿರುತ್ತವೆ, ಅದರಿಂದ ತೆಗೆದ ಸ್ಯಾಂಪಲ್ ದಾರಿ ತಪ್ಪಿಸುತ್ತದೆ. ಹೊಸದು ಹಾಕಿಸಿ, ಅದರಿಂದ ಕಲ್ಚರ್‌ಗೆ ಕಳಿಸಿ. ಕೆಲವು ಗಂಟೆಗೊಮ್ಮೆ ತೂರಿಸಿ ತೆಗೆಯುವ ಕ್ಯಾಥೆಟರ್ ಅಣ್ಣನಿಗೆ ಆಗುತ್ತದಾ ಅಂತಲೂ ಕೇಳಿ.

ಕಾಫಿತೋಟ

ಬದಲಿಸಿ ಸ್ಯಾಂಪಲ್ ಕೊಡಬೇಕು ಅಂತ ಇದುವರೆಗೆ ಯಾರೂ ಹೇಳಿರಲಿಲ್ಲ ಡಾಕ್ಟ್ರೇ. ಬ್ಯಾಗಿನಿಂದಲೇ ತೆಗೆದು ಕಳಿಸುತ್ತಿದ್ದರು. ತುಂಬ ಉಪಕಾರವಾಯಿತು.

ಪಿಯು_ಜೀವಶಾಸ್ತ್ರ

ಮೂರನೇ ಪ್ರಶ್ನೆ ಉಳಿಯಿತು. ನಮ್ಮ ದೇಶದಲ್ಲಿ ಯಾರೂ ಕೆಲಸ ಮಾಡುತ್ತಿಲ್ಲವಾ?

ತುಂಗಾತೀರ

ಮಾಡುತ್ತಿದ್ದಾರೆ. ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಗೋಪಾಲ್ ನಾಥ್ ಅವರ ತಂಡ ಮಾಗದ ಹುಣ್ಣುಗಳಿಗೆ ಫೇಜ್ ಹಾಕಿ ನೋಡಿದೆ. ನಮ್ಮ ಬೆಂಗಳೂರಿನಲ್ಲೇ ಗಂಗಾಜೆನ್ ಅನ್ನುವ ಕಂಪನಿ 2000ದಲ್ಲಿ ಶುರುವಾಯಿತು. ಅವರ ಪಿ128 ಇಡೀ ಫೇಜ್ ಅಲ್ಲ, ಫೇಜ್‌ನಿಂದ ಪಡೆದ ಪ್ರೋಟೀನು, ಸ್ಟೆಫಿಲೊಕಾಕಸ್ ಅನ್ನುವ ಬೇರೆ ಬ್ಯಾಕ್ಟೀರಿಯಾ ವಿರುದ್ಧ. ಇ. ಕೋಲಿ ಮೂತ್ರ ಸೋಂಕಿಗೆ ಅದು ಬರುವುದಿಲ್ಲ. ಇಷ್ಟು ದೊಡ್ಡ ಸಮಸ್ಯೆ ಇರುವ ದೇಶದಲ್ಲಿ, ಬೆಲ್ಜಿಯಂ ಥರ ಡಾಕ್ಟರು, ಲ್ಯಾಬು, ಫಾರ್ಮಸಿ ಸೇರಿ ಒಬ್ಬ ರೋಗಿಗೆ ಫೇಜ್ ಹೊಂದಿಸಿ ಕೊಡುವ ದಾರಿ ನಮ್ಮಲ್ಲೂ ಆಗಬೇಕು. ಸರ್ಕಾರಿ ಮೆಡಿಕಲ್ ಕಾಲೇಜುಗಳ ಲ್ಯಾಬುಗಳು ಈಗಿನಿಂದಲೇ ಇಂಥ ಬ್ಯಾಕ್ಟೀರಿಯಾಗಳನ್ನು ಜೋಪಾನ ಮಾಡಿ ಇಡಬೇಕು. ಅದಿಲ್ಲದೆ ಫೇಜ್ ಪರೀಕ್ಷಿಸುವುದು ಯಾವುದರ ಮೇಲೆ?

ಬೆಣ್ಣೆನಗರಿ

ಇಲ್ಲಿ ಬರೆದದ್ದೆಲ್ಲ ಹಿಡಿದುಕೊಂಡು ಯುರಾಲಜಿ ಡಾಕ್ಟರ ಹತ್ತಿರ ಹೋಗಿ ಬಂದೆವು. ಉಳಿಕೆ ಮೂತ್ರ ನೋಡಿದರು, ಜಾಸ್ತಿಯೇ ಇದೆಯಂತೆ. ಶುಗರ್‌ನಿಂದ ಮೂತ್ರಕೋಶದ ನರ ಮಂದವಾಗಿರಬಹುದು, ಗಂಟೆ ನೋಡಿಕೊಂಡು ಹೋಗಬೇಕು, ಎರಡೆರಡು ಸಲ ಪ್ರಯತ್ನಿಸಿ ಪೂರ್ತಿ ಖಾಲಿ ಮಾಡಬೇಕು ಅಂದರು. ಕ್ರೀಮ್ ಬರೆದುಕೊಟ್ಟರು. ಈ ಸಲದ ಉರಿಗೆ ಫಾಸ್ಫೊಮೈಸಿನ್ ಪುಡಿ, ರಿಪೋರ್ಟಿನಲ್ಲಿ ಅದರ ಮುಂದೆ ‘ಎಸ್’, ಅಂದರೆ ಹಿಡಿಯುತ್ತದೆ ಅಂತ, ಇತ್ತು. ಜಾರ್ಜಿಯಾ ವಿಷಯ ಸದ್ಯಕ್ಕೆ ಬಿಟ್ಟಿದ್ದೇವೆ. ತಮ್ಮನಿಗೆ ಸ್ವಲ್ಪ ಬೇಜಾರಿದೆ, ಒಪ್ಪಿದ್ದಾನೆ.

ತುಂಗಾತೀರ ಅಕ್ಕ, ಮುಂದೆ ಎಂದಾದರೂ ಫೇಜ್ ಪರೀಕ್ಷೆ ನಮ್ಮ ಕಡೆ ಬಂದರೆ ಅಮ್ಮನ ಬ್ಯಾಕ್ಟೀರಿಯಾ ಬೇಕಾಗುತ್ತದಲ್ಲ, ಅದನ್ನು ಇಡಿಸಲು ಏನು ಕೇಳಬೇಕು?

ತುಂಗಾತೀರ

ಕಲ್ಚರ್ ಕೊಟ್ಟ ಲ್ಯಾಬಿಗೆ ಬೇಗ ಹೋಗಿ. ಸಾಮಾನ್ಯವಾಗಿ ಪ್ಲೇಟುಗಳನ್ನು ಕೆಲವೇ ದಿನದಲ್ಲಿ ಆಟೋಕ್ಲೇವ್ ಮಾಡಿ (ಬಿಸಿ ಹಬೆಯಲ್ಲಿ ಕೊಂದು) ಎಸೆಯುತ್ತಾರೆ. ‘ಈ ಐಸೊಲೇಟನ್ನು (ಅಮ್ಮನ ಮೂತ್ರದಿಂದ ಬೆಳೆಸಿದ ಬ್ಯಾಕ್ಟೀರಿಯಾ) ಗ್ಲಿಸರಾಲ್ ಸ್ಟಾಕ್ ಮಾಡಿ ಮೈನಸ್ 80 ಡಿಗ್ರಿಯಲ್ಲಿ ಇಡಲು ಆಗುತ್ತದಾ’ ಅಂತ ಕೇಳಿ. ಡಾಕ್ಟರಿಂದ ಒಂದು ಸಾಲು ಬರೆಸಿಕೊಂಡು ಹೋದರೆ ಒಳ್ಳೆಯದು. ಸಣ್ಣ ಲ್ಯಾಬಿನಲ್ಲಿ ಆ ಫ್ರೀಜರ್ ಇರುವುದಿಲ್ಲ, ಆಗ ಹತ್ತಿರದ ಮೆಡಿಕಲ್ ಕಾಲೇಜಿನ ಮೈಕ್ರೊಬಯಾಲಜಿ ವಿಭಾಗಕ್ಕೆ ಕಳಿಸಿಕೊಡಲು ಕೇಳಿ. ಸ್ಟಾಕ್ ನಂಬರು, ದಿನಾಂಕ ಬರೆದುಕೊಂಡು ಅಮ್ಮನ ಫೈಲಿನಲ್ಲಿ ಇಡಿ. ಮುಂದಿನ ಸಲ ಕಷ್ಟ ಬಂದು ಹೊಸ ಕಲ್ಚರ್ ಆದರೆ ಅದನ್ನೂ ಇಡಿಸಿ, ಯಾಕೆಂದರೆ ಅದು ಬೇರೆಯೇ ಇ. ಕೋಲಿ ಇರಬಹುದು.